ನೀರು, ಗಾಳಿ, ನೆಲ

ಒಂದು ವಿದ್ಯೆಯಲ್ಲಿ ನಿಪುಣನಾದವನನ್ನು ಲೋಕವು ಹೊಗಳುತ್ತದೆ. ಮೂರು ವಿದ್ಯೆಗಳನ್ನು ಅರೆಬರೆಯಾಗಿ ಬಲ್ಲವನನ್ನು ಕಂಡರೆ ನಗುತ್ತದೆ. ಓಟಗಾರನು ಓಡಲಿ, ಈಜುಗಾರನು ಈಜಲಿ, ಸೈಕಲ್ ಸವಾರನು ಸೈಕಲ್ ತುಳಿಯಲಿ ಎಂಬುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಅವರವರ ಕಣದಲ್ಲಿ ಅವರವರೇ ಶೂರರು. ಆದರೆ ಈ ಮೂವರ ಕೆಲಸವನ್ನೂ ಒಬ್ಬನೇ, ಒಂದೇ ಬೆಳಗಿನಲ್ಲಿ, ನಡುವೆ ಒಂದು ಗಳಿಗೆಯೂ ವಿಶ್ರಮಿಸದೆ ಮಾಡಿ ಮುಗಿಸಬೇಕೆಂದು ಕೇಳುವ ಆಟವೊಂದಿದೆ. ಅದರ ಹೆಸರು ಟ್ರಯಥ್ಲಾನ್. ಅದನ್ನು ತ್ರಿವಿಧ ಪಂದ್ಯವೆಂದು ಕರೆದರೆ ತಪ್ಪಾಗಲಾರದು. ತನಗೆ ಯಾವುದು ಬರುವುದಿಲ್ಲವೋ ಅದರ ಎದುರಿಗೆ ಮನುಷ್ಯನನ್ನು ಬಲವಂತವಾಗಿ ತಂದು ನಿಲ್ಲಿಸುವುದೇ ಈ ಪಂದ್ಯದ ವೈಶಿಷ್ಟ್ಯ.

ಪಂದ್ಯದ ಕ್ರಮ ಸರಳವಾದುದು. ಮೊದಲು ಈಜು, ಬಳಿಕ ಸೈಕಲ್, ಕೊನೆಗೆ ಓಟ. ಒಲಿಂಪಿಕ್ ಕ್ರೀಡೆಗಳಲ್ಲಿ ಇದರ ಅಳತೆ 1.5 ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ. ಅದರ ಸರಿಯಾದ ಅರ್ಧವೇ ಕಿರು ಟ್ರಯಥ್ಲಾನ್: 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ನೀರಿನಿಂದ ಎದ್ದು ಸೈಕಲ್ ಹಿಡಿಯುವುದಕ್ಕೂ, ಸೈಕಲ್ ಇಳಿದು ಓಟಕ್ಕೆ ತೊಡಗುವುದಕ್ಕೂ ಬೇಕಾಗುವ ಹೊತ್ತನ್ನು ಲೆಕ್ಕದಿಂದ ಬಿಡುವಂತಿಲ್ಲ. ಬೂಟಿನ ದಾರ ಕಟ್ಟುವಾಗಲೂ ಗಡಿಯಾರ ಓಡುತ್ತಲೇ ಇರುತ್ತದೆ. ಆದುದರಿಂದ ಬಲ್ಲವರು ಈ ಬದಲಾವಣೆಯನ್ನು ಪಂದ್ಯದ ನಾಲ್ಕನೆಯ ಅಂಗವೆಂದೇ ಎಣಿಸುತ್ತಾರೆ.

ಇದರ ಹುಟ್ಟು ಅಷ್ಟೇನೂ ಹಳೆಯದಲ್ಲ. 1974ರ ಸೆಪ್ಟೆಂಬರ್ 25ರ ಸಂಜೆ ಅಮೆರಿಕದ ಸ್ಯಾನ್ ಡಿಯಾಗೋ ನಗರದ ಮಿಷನ್ ಬೇ ಎಂಬ ಕೊಲ್ಲಿಯ ದಡದಲ್ಲಿ ಅಲ್ಲಿಯ ಓಟಗಾರರ ಸಂಘವು ಇಂತಹ ಪಂದ್ಯವೊಂದನ್ನು ನಡೆಸಿತು. ಜ್ಯಾಕ್ ಜಾನ್‌ಸ್ಟನ್, ಡಾನ್ ಶಾನಹನ್ ಎಂಬಿಬ್ಬರು ಅದರ ಸೂತ್ರಧಾರರು. ಬಂದವರು 46 ಮಂದಿ. ಅಂದು ಓಟ ಮೊದಲು, ಈಜು ಕೊನೆಗೆ. ಓಡುವುದರಲ್ಲಿ ಪಳಗಿದ್ದ ಹಲವರಿಗೆ ಈಜು ಅಷ್ಟಕ್ಕಷ್ಟೆ. ಹಿಂದೆ ಬಿದ್ದವರು ನೀರಿನಲ್ಲಿರುವಾಗಲೇ ಕತ್ತಲೆ ಕವಿಯಿತು. ದಡದಲ್ಲಿದ್ದವರು ಮೋಟಾರುಗಳ ದೀಪಗಳನ್ನು ನೀರಿನ ಕಡೆಗೆ ತಿರುಗಿಸಿ ಅವರಿಗೆ ದಾರಿ ತೋರಿದರು. ಅಂದು ಸ್ಪರ್ಧಿಸಿದವರಲ್ಲಿ ಜಾನ್ ಕಾಲಿನ್ಸ್ ಎಂಬ ನೌಕಾಪಡೆಯ ಅಧಿಕಾರಿಯೂ ಇದ್ದನು. 1978ರಲ್ಲಿ ಹವಾಯಿ ದ್ವೀಪದಲ್ಲಿ ‘ಐರನ್‌ಮ್ಯಾನ್’ ಎಂಬ ದೀರ್ಘ ಪಂದ್ಯಕ್ಕೆ ನಾಂದಿ ಹಾಡಿದವನು ಆತನೇ. 2000ದ ಸೆಪ್ಟೆಂಬರಿನಲ್ಲಿ ಸಿಡ್ನಿಯ ಒಲಿಂಪಿಕ್ ಕೂಟದಲ್ಲಿ ಈ ಆಟಕ್ಕೆ ಮೊದಲ ಬಾರಿ ಸ್ಥಾನ ದೊರೆಯಿತು. ಅಲ್ಲಿ ಮಹಿಳೆಯರ ಪಂದ್ಯವನ್ನು ಸ್ವಿಟ್ಜರ್ಲೆಂಡಿನ ಬ್ರಿಗಿಟ್ ಮ್ಯಾಕ್‌ಮಹೋನ್ ಗೆದ್ದದ್ದು ಕೇವಲ 2 ಸೆಕೆಂಡುಗಳ ಅಂತರದಿಂದ. ಸಂಜೆಯ ಹೊತ್ತು ಕಳೆಯಲು ಹುಟ್ಟಿದ ಆಟವೊಂದು ಇಪ್ಪತ್ತಾರು ವರ್ಷಗಳಲ್ಲಿ ಎಷ್ಟು ದೂರ ಸಾಗಿತೆಂಬುದನ್ನು ಇದರಿಂದಲೇ ಊಹಿಸಬಹುದು.

ಕರ್ನಾಟಕದ ಹವ್ಯಾಸಿಗಳಿಗೂ ಈ ಆಟ ಇಂದು ಅಪರಿಚಿತವಲ್ಲ. ಗೋವೆಯಲ್ಲಿ ನಡೆಯುವ ಅರ್ಧ ಐರನ್‌ಮ್ಯಾನ್ ಪಂದ್ಯದ ಅಳತೆ 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ. ಬೆಂಗಳೂರು ದಕ್ಷಿಣದ ಲೋಕಸಭಾ ಸದಸ್ಯ ತೇಜಸ್ವಿ ಸೂರ್ಯರು 2022ರಲ್ಲಿ ಒಂದು ತಂಡದೊಡನೆ ಸೇರಿ ಅದರ ಸೈಕಲ್ ಭಾಗವನ್ನು ಮಾತ್ರ ಪೂರೈಸಿದರು; 2024ರ ಅಕ್ಟೋಬರ್ 27ರಂದು ಮೂರು ಭಾಗಗಳನ್ನೂ ಒಬ್ಬರೇ 8 ಗಂಟೆ 27 ನಿಮಿಷ 32 ಸೆಕೆಂಡುಗಳಲ್ಲಿ ಮುಗಿಸಿದರು. ರಾಜಕಾರಣದ ಮಾತು ಇಲ್ಲಿ ಬೇಡ. ಹವ್ಯಾಸಿಯೊಬ್ಬನ ಹಾದಿ ಹೇಗಿರುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ. ಮೊದಲು ಬಲ್ಲದ್ದನ್ನು ಮಾಡುವುದು, ಆಮೇಲೆ ಉಳಿದೆರಡರ ಬಾಗಿಲು ತಟ್ಟುವುದು. ಅಷ್ಟು ದೊಡ್ಡ ಸಾಹಸಕ್ಕೆ ಅಂಜುವವರಿಗೆ ಕಿರು ಪಂದ್ಯವೇ ಹೆಬ್ಬಾಗಿಲು. ಸಾಧಾರಣ ಹವ್ಯಾಸಿಯು ಅದನ್ನು ಒಂದೂವರೆ ಗಂಟೆಯಿಂದ ಎರಡು ಗಂಟೆಗಳೊಳಗೆ ಮುಗಿಸಬಲ್ಲನು.

ಈ ಬಾಗಿಲನ್ನು ಗದಗ ಜಿಲ್ಲೆಯ ಎರೆಭೂಮಿಯವನೊಬ್ಬನು ತಟ್ಟಿದನೆಂದು ಭಾವಿಸಿಕೊಳ್ಳೋಣ. ನರಗುಂದ, ರೋಣ, ಗಜೇಂದ್ರಗಡಗಳು ಪಶ್ಚಿಮದಿಂದ ಪೂರ್ವಕ್ಕೆ ಹೆಚ್ಚು ಕಡಿಮೆ ಒಂದೇ ಗೆರೆಯ ಮೇಲೆ ನಿಂತಿರುವ ಊರುಗಳು. ನರಗುಂದದ ಕಡೆಗೆ ಮಲಪ್ರಭೆಯ ಕಾಲುವೆ. ರೋಣದ ಸುತ್ತ ಕಣ್ಣು ಹಾಯುವವರೆಗೂ ಕಪ್ಪು ನೆಲ, ಕಡಲೆ, ಜೋಳ. ಗಜೇಂದ್ರಗಡದಲ್ಲಿ ಬಂಡೆಗಲ್ಲಿನ ಗುಡ್ಡ, ಗುಡ್ಡದ ಮೇಲೆ ಕೋಟೆ, ಬಯಲ ಗಾಳಿಗೆ ತಿರುಗುವ ಬೃಹತ್ ಗಾಳಿಯಂತ್ರಗಳು. ನೀರು, ಗಾಳಿ, ನೆಲ ಎಂಬ ಮೂರೂ ಈ ಒಂದು ಗೆರೆಯ ಮೇಲೆಯೇ ಇವೆ. ಕಲ್ಪನೆಯ ನಾಯಕನು ರೋಣದ ಸುತ್ತಿನ ಒಬ್ಬ ಶಾಲಾ ಉಪಾಧ್ಯಾಯನಾಗಿರಲಿ. ವಯಸ್ಸು ನಲವತ್ತರ ಸಮೀಪ. ಹೊಟ್ಟೆ ತುಸು ಮುಂದೆ ಬಂದಿದೆ. ಉತ್ಸಾಹ ಅದಕ್ಕಿಂತಲೂ ಮುಂದೆ ಬಂದಿದೆ.

ಈತನಿಗೆ ಓಟವು ಹೊಸದಲ್ಲ. ಹೊಲದ ಬದುವಿನ ಮೇಲೆ ಬಾಲ್ಯವೆಲ್ಲ ಓಡಿದವನು. ಸೈಕಲ್ಲೂ ಹೊಸದಲ್ಲ. ಗದಗ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೈಕಲ್ ಸ್ಪರ್ಧಿಗಳ ತವರೆಂದು ಹೆಸರಾದುವು. ಗದಗಿನಲ್ಲಿಯೂ ವಿಜಯಪುರದಲ್ಲಿಯೂ ಸರಕಾರದ ಕ್ರೀಡಾನಿಲಯಗಳು ಹಳ್ಳಿಯ ಹುಡುಗ ಹುಡುಗಿಯರನ್ನು ಆರಿಸಿ ತಂದು ತರಬೇತು ಕೊಟ್ಟು ರಾಷ್ಟ್ರಮಟ್ಟದ ಪಂದ್ಯಗಳಿಗೆ ಕಳುಹಿಸಿವೆ. ಇಂತಹ ನೆಲದಲ್ಲಿ ಬೆಳೆದವನಿಗೆ ಇಪ್ಪತ್ತು ಕಿಲೋಮೀಟರ್ ಸೈಕಲ್ ತುಳಿಯುವುದೆಂದರೆ ಸಂತೆಗೆ ಹೋಗಿಬಂದಷ್ಟು ಸಲೀಸು. ಈತನಿಗೆ ಬಾರದೇ ಇದ್ದುದು ನೀರು.

ಈ ಸೀಮೆಯಲ್ಲಿ ನೀರೆಂದರೆ ಆಟದ ಮಾತಲ್ಲ. ನವಿಲುತೀರ್ಥದ ಅಣೆಕಟ್ಟಿನಿಂದ ಹರಿದುಬರುವ ಕಾಲುವೆಯ ಕರದ ಹೊರೆಯನ್ನು ಪ್ರತಿಭಟಿಸಿ 1980ರ ಜುಲೈ 21ರಂದು ನರಗುಂದ ನವಲಗುಂದಗಳಲ್ಲಿ ರೈತರು ಬೀದಿಗಿಳಿದರು, ಪ್ರಾಣಹಾನಿಯೂ ಆಯಿತು. 2015ರಲ್ಲಿ ಮಹಾದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬ ದೀರ್ಘ ಧರಣಿಗೂ ನರಗುಂದವೇ ನಡುಮನೆಯಾಯಿತು. ಹೀಗೆ ನೀರಿಗಾಗಿ ಹೋರಾಡಿದವರ ಊರಿನಲ್ಲಿ ನೀರಿನೊಳಗೆ ಆಡುವ ಅಭ್ಯಾಸ ಮಾತ್ರ ಮೆಲ್ಲಮೆಲ್ಲನೆ ಮರೆಯಾಯಿತು. ಹಿಂದೆ ಹೀಗಿರಲಿಲ್ಲ. ತೋಟಕ್ಕೊಂದು ಮೆಟ್ಟಿಲಿನ ಬಾವಿ ಇದ್ದ ಕಾಲದಲ್ಲಿ, ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ ಹಿರಿಯರು ಮಕ್ಕಳನ್ನು ನೀರಿಗೆ ಇಳಿಸುತ್ತಿದ್ದರು. ಕೆಲವು ದಿನಗಳಲ್ಲಿ ಬುರುಡೆ ಕಳಚುತ್ತಿತ್ತು, ಈಸು ಉಳಿಯುತ್ತಿತ್ತು. ರೋಣ ಗಜೇಂದ್ರಗಡಗಳ ನಡುವಣ ಸೂಡಿ ಗ್ರಾಮದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ನಾಗಕುಂಡವು ಇಂದಿಗೂ ನಿಂತಿದೆ. ಮನುಷ್ಯನು ಒಂದೊಂದೇ ಮೆಟ್ಟಿಲಿಳಿದು ನೀರನ್ನು ಸಮೀಪಿಸುತ್ತಿದ್ದ ಕಾಲದ ಗುರುತು ಅದು. ಕೊಳವೆಬಾವಿ ಬಂದ ಮೇಲೆ ನೀರು ನೆಲದ ಆಳದಿಂದ ನೆಟ್ಟಗೆ ನಲ್ಲಿಗೆ ಬಂತು, ಮೆಟ್ಟಿಲು ಬೇಡವಾಯಿತು, ಅನೇಕ ಬಾವಿಗಳು ಬತ್ತಿದುವು, ಕೆಲವು ಮುಚ್ಚಿಹೋದುವು. ಹೀಗಾಗಿ ತಂದೆಗೆ ಬರುತ್ತಿದ್ದ ಈಜು ಮಗನಿಗೆ ಬಾರದಾಯಿತು.

ಉಪಾಧ್ಯಾಯನು ಪೇಟೆಯ ಈಜುಕೊಳಕ್ಕೆ ಹೋಗಿ, ಹತ್ತು ವರ್ಷದ ಹುಡುಗರ ಪಕ್ಕದಲ್ಲಿ ಕಂಬಿ ಹಿಡಿದು ಕಾಲು ಬಡಿಯುವುದರಿಂದ ಅಭ್ಯಾಸಕ್ಕೆ ಆರಂಭಿಸುತ್ತಾನೆ. ತನ್ನ ತರಗತಿಯ ವಿದ್ಯಾರ್ಥಿಗಳಷ್ಟು ಎಳೆಯರು ತನಗೆ ಪಾಠ ಹೇಳುವುದನ್ನು ಸಹಿಸುವುದೇ ಮೊದಲನೆಯ ಪರೀಕ್ಷೆ. ಎರಡನೆಯದು ಉಸಿರು. ನೆಲದ ಮೇಲೆ ಉಸಿರಾಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ನೀರಿನಲ್ಲಿ ಅದನ್ನು ಹೊಸದಾಗಿ ಕಲಿಯಬೇಕು. ಮುಖ ನೀರಿನೊಳಗಿರುವಾಗ ಉಸಿರನ್ನು ಸಾವಕಾಶವಾಗಿ ಹೊರಗೆ ಬಿಡಬೇಕು. ಪಕ್ಕಕ್ಕೆ ಹೊರಳಿದಾಗ ಮಾತ್ರ ಒಳಗೆ ಎಳೆಯಬೇಕು. ಹೊಸಬನು ಇದಕ್ಕೆ ತದ್ವಿರುದ್ಧವಾಗಿ ಉಸಿರನ್ನು ಬಿಗಿಹಿಡಿಯುತ್ತಾನೆ. ಎದೆ ಬಿರಿಯುವಂತಾದಾಗ ತಲೆಯನ್ನು ಮೇಲೆತ್ತುತ್ತಾನೆ. ತಲೆ ಎದ್ದರೆ ಕಾಲು ಮುಳುಗುತ್ತದೆ. ಕಾಲು ಮುಳುಗಿದರೆ ಭಯ ಹುಟ್ಟುತ್ತದೆ. ನೀರಿನ ಸಾಂದ್ರತೆ ಗಾಳಿಯ ಸಾಂದ್ರತೆಯ 800 ಪಟ್ಟು. ಅದರೊಡನೆ ಜಗಳವಾಡಿ ಗೆದ್ದವರಿಲ್ಲ. ಮೈಯನ್ನು ನೇರವಾಗಿ, ಸಡಿಲವಾಗಿ ಚಾಚಿದವನಿಗೆ ಮಾತ್ರ ಅದು ದಾರಿ ಬಿಡುತ್ತದೆ. ಬಲಶಾಲಿಯಾದ ರೈತಯುವಕನು ಇಪ್ಪತ್ತೈದು ಮೀಟರಿಗೇ ಏದುಸಿರು ಬಿಡುವಾಗ, ಸಣಕಲು ಹುಡುಗಿಯೊಬ್ಬಳು ಮೀನಿನಂತೆ ಹತ್ತು ಸುತ್ತು ಮುಗಿಸುವ ರಹಸ್ಯ ಇದೇ.

ಆರು ತಿಂಗಳ ಅಭ್ಯಾಸದ ಬಳಿಕ ಪಂದ್ಯದ ಮುಂಜಾವು. ದೂರದ ಊರಿನ ಕೆರೆಯ ದಂಡೆ. ಬಣ್ಣದ ಟೋಪಿ ತೊಟ್ಟ ನೂರಾರು ತಲೆಗಳು. ಕೊಳದಲ್ಲಿ ತಳದ ಕಪ್ಪು ಗೆರೆ ದಾರಿ ತೋರುತ್ತಿತ್ತು. ಇಲ್ಲಿ ಗೆರೆಯೂ ಇಲ್ಲ, ತಳವೂ ಕಾಣದು. ಸೀಟಿ ಕೇಳಿದೊಡನೆ ನೀರು ಕುದಿಯುವಂತಾಗುತ್ತದೆ. ಒಬ್ಬನ ಮೊಣಕೈ ಕನ್ನಡಕಕ್ಕೆ ತಗಲುತ್ತದೆ, ಇನ್ನೊಬ್ಬನ ಹಿಮ್ಮಡಿ ಗಲ್ಲಕ್ಕೆ. ನೂರು ಮೀಟರ್ ಹೋಗುವಷ್ಟರಲ್ಲಿ ಉಪಾಧ್ಯಾಯನ ಎದೆಬಡಿತ ಕಿವಿಗೆ ಕೇಳಿಸುತ್ತದೆ, ಗಂಟಲೊಳಗೆ ಕೆರೆಯ ನೀರು ಇಳಿಯುತ್ತದೆ, ಕಲಿತದ್ದೆಲ್ಲ ಮರೆತುಹೋಗುತ್ತದೆ. ಹೆಂಡತಿ ಮಕ್ಕಳು ಕಣ್ಣೆದುರಿಗೆ ಬರುತ್ತಾರೆ. ಹಿಂದಿರುಗಿದರೆ ಯಾರೇನೆಂದಾರು ಎಂಬ ಯೋಚನೆಯೂ ಅವರ ಜೊತೆಗೇ ಬರುತ್ತದೆ.

ಈ ಗಳಿಗೆಗಾಗಿಯೇ ಪಂದ್ಯದ ನಿಯಮಗಳಲ್ಲಿ ಒಂದು ಕರುಣೆಯನ್ನು ಇಟ್ಟಿದ್ದಾರೆ. ಯಾವ ಬಗೆಯ ಈಜಾದರೂ ಸರಿ, ಅಂಗಾತ ತೇಲಿದರೂ ಸರಿ. ಕಾವಲಿನ ದೋಣಿಯನ್ನು ಹಿಡಿದು ದಣಿವಾರಿಸಿಕೊಳ್ಳುವುದಕ್ಕೂ ಅಡ್ಡಿಯಿಲ್ಲ. ದೋಣಿ ಅವನನ್ನು ಮುಂದಕ್ಕೆ ಒಯ್ಯಬಾರದು, ಅಷ್ಟೇ. ಕೈ ಎತ್ತಿದರೆ ಸಹಾಯ ಬರುತ್ತದೆ. ಉಪಾಧ್ಯಾಯನು ಕ್ಷಣಕಾಲ ಅಂಗಾತನಾಗುತ್ತಾನೆ. ಮೇಲೆ ಆಕಾಶ, ಕಿವಿಯಲ್ಲಿ ನೀರಿನ ಮೌನ. ಐದಾರು ಬಾರಿ ಉಸಿರನ್ನು ನೀಳವಾಗಿ ಹೊರಗೆ ಬಿಟ್ಟ ಮೇಲೆ ಎದೆ ಹತೋಟಿಗೆ ಬರುತ್ತದೆ. ಮತ್ತೆ ಬೋರಲಾಗಿ, ಆರೆಂಟು ಬೀಸಿಗೊಮ್ಮೆ ಕಣ್ಣನ್ನಷ್ಟೇ ನೀರಿನ ಮೇಲಕ್ಕೆ ತಂದು, ದೂರದ ಬಣ್ಣದ ತೇಲುಬುಡ್ಡೆಯನ್ನು ಗುರಿಯಿಟ್ಟು ಹೊರಡುತ್ತಾನೆ. ಮುಂದಿನವರು ಎಷ್ಟು ಮುಂದೆ ಹೋದರೆಂಬ ಚಿಂತೆ ಅಲ್ಲಿಗೆ ಅಳಿಯಿತು. ದಡದ ಕೆಸರು ಕಾಲಿಗೆ ತಾಕಿದಾಗ ಅವನಿಗೆ ಗೊತ್ತಾಗುತ್ತದೆ, ತನ್ನ ಪಂದ್ಯದ ಬಹುಭಾಗ ಮುಗಿಯಿತೆಂದು. ದೂರದ ಲೆಕ್ಕದಲ್ಲಿ ನೋಡಿದರೆ ಮುಗಿದಿರುವುದು ಒಟ್ಟು 25.75 ಕಿಲೋಮೀಟರಿನಲ್ಲಿ ಮುಕ್ಕಾಲು ಕಿಲೋಮೀಟರ್ ಮಾತ್ರ!

ಸಾಲಾಗಿ ನಿಲ್ಲಿಸಿದ ಸೈಕಲ್ಲುಗಳ ನಡುವೆ ತನ್ನದನ್ನು ಹುಡುಕುವುದೇ ಒಂದು ಪ್ರಯಾಸ. ಒದ್ದೆಯ ಪಾದಕ್ಕೆ ಬೂಟು ಏರುವುದಿಲ್ಲ. ನಡುಗುವ ಬೆರಳಿಗೆ ಗುಂಡಿ ಸಿಗುವುದಿಲ್ಲ. ಶಿರಸ್ತ್ರಾಣವನ್ನು ಧರಿಸಿ ಪಟ್ಟಿ ಬಿಗಿಯುವವರೆಗೆ ಸೈಕಲ್ಲನ್ನು ಸ್ಥಳದಿಂದ ತೆಗೆಯಕೂಡದೆಂಬುದು ಕಟ್ಟುನಿಟ್ಟಿನ ನಿಯಮ. ಗೊತ್ತುಪಡಿಸಿದ ಗೆರೆಯನ್ನು ದಾಟಿದ ಮೇಲೆಯೇ ಏರಬೇಕು. ಅವಸರದಲ್ಲಿ ಇದನ್ನು ಮರೆತವನಿಗೆ ದಂಡ ತಪ್ಪದು. ತಾಳ್ಮೆಗೆ ಬಹುಮಾನವಿರುವ ಆಟ ಇದು.

ಇನ್ನು ಗಾಳಿಯ ಸರದಿ. ಮುಂಗಾರಿನ ತಿಂಗಳುಗಳಲ್ಲಿ ಗಜೇಂದ್ರಗಡದ ಕಡೆಯಿಂದ ನರಗುಂದದ ಕಡೆಗೆ ಸೈಕಲ್ ತುಳಿದವರೆಲ್ಲ ಗಾಳಿಯನ್ನು ಬಲ್ಲರು. ಮರಗಳಿಲ್ಲದ ಬಯಲಿನಲ್ಲಿ ಪಡುವಣ ಗಾಳಿ ಎದೆಗೆ ಕೈಯೊಡ್ಡಿ ತಡೆದಂತೆ ಇರುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ ಎಂಬುದು ಭೌತಶಾಸ್ತ್ರದ ನಿಯಮ. ಹಳ್ಳಿಯ ಸವಾರನು ಆ ನಿಯಮವನ್ನು ಓದಿಲ್ಲದಿರಬಹುದು. ಆದರೆ ಎದುರುಗಾಳಿಗೆ ಬೆನ್ನು ಬಾಗಿಸಿ ತಲೆ ತಗ್ಗಿಸುವುದನ್ನು ಅವನ ಮೈ ಕಲಿತಿದೆ. ಹವ್ಯಾಸಿಗಳ ಪಂದ್ಯದಲ್ಲಿ ಸಾಮಾನ್ಯವಾಗಿ ಇನ್ನೊಬ್ಬನ ಬೆನ್ನ ಹಿಂದೆ ಅಡಗಿ ಗಾಳಿ ತಪ್ಪಿಸಿಕೊಳ್ಳುವುದಕ್ಕೆ ಅವಕಾಶವಿಲ್ಲ. ಅವರವರ ಗಾಳಿಯನ್ನು ಅವರವರೇ ಸೀಳಬೇಕು. ನೀರಿನಲ್ಲಿ ತನ್ನನ್ನು ಹಿಂದಿಕ್ಕಿದ್ದ ಅನೇಕರನ್ನು ಉಪಾಧ್ಯಾಯನು ಇಲ್ಲಿ ಒಬ್ಬೊಬ್ಬರನ್ನಾಗಿ ದಾಟುತ್ತಾನೆ. ಆದರೆ ಇದೇ ಅವನಿಗೆ ಎರಡನೆಯ ಬಲೆ. ಬಲ್ಲ ವಿದ್ಯೆಯಲ್ಲಿ ಮೆರೆಯುವ ಆಸೆಗೆ ಬಿದ್ದು ಕಾಲಿನ ಕಸುವನ್ನೆಲ್ಲ ಇಲ್ಲೇ ಖರ್ಚು ಮಾಡಿದವನು ಮುಂದಿನ ಐದು ಕಿಲೋಮೀಟರಿಗೆ ಸಾಲಗಾರನಾಗುತ್ತಾನೆ.

ಆ ಸಾಲದ ಲೆಕ್ಕ ಸೈಕಲ್ ಇಳಿದೊಡನೆ ತೆರೆಯುತ್ತದೆ. ಮುಕ್ಕಾಲು ಗಂಟೆ ಸುತ್ತು ತಿರುಗಿದ ಕಾಲುಗಳು ನೆಲವನ್ನು ಮರೆತಿರುತ್ತವೆ. ಸೈಕಲ್ಲಿನ ಮೇಲೆ ಮೈಯ ಭಾರ ಆಸನಕ್ಕಿತ್ತು. ಈಗ ಪ್ರತಿಯೊಂದು ಹೆಜ್ಜೆಯೂ ಅದನ್ನು ಹೊರಬೇಕು. ತೊಡೆಗಳು ಇಟ್ಟಿಗೆಯಂತೆ ಬಿಗಿಯುತ್ತವೆ. ಸೈಕಲ್ಲನ್ನೂ ಓಟವನ್ನೂ ಒಂದರ ಬೆನ್ನಿಗೊಂದು ಮಾಡುವ ಅಭ್ಯಾಸಕ್ಕೆ ಈ ಕ್ರೀಡಾಪಟುಗಳಲ್ಲಿ ‘ಬ್ರಿಕ್’ ಎಂದರೆ ಇಟ್ಟಿಗೆ ಎಂಬ ಹೆಸರೇ ರೂಢಿಯಲ್ಲಿದೆ. ಮೊದಲ ಒಂದು ಕಿಲೋಮೀಟರ್ ಬೇರೆ ಯಾರದೋ ಕಾಲುಗಳನ್ನು ಕಡ ತಂದು ಓಡಿದಂತೆ. ಅಲ್ಲಿ ಅವಸರಪಡದೆ ಸಣ್ಣ ಹೆಜ್ಜೆಗಳನ್ನಿಟ್ಟವನಿಗೆ ಕ್ರಮೇಣ ತನ್ನ ಕಾಲುಗಳು ಹಿಂದಕ್ಕೆ ಸಿಗುತ್ತವೆ. ಬಿಸಿಲು ಏರುತ್ತದೆ. ಮುಂದೆ ಅರವತ್ತು ದಾಟಿದ ಹಿರಿಯರೊಬ್ಬರು ಒಂದೇ ಸಮನೆ ಹೆಜ್ಜೆ ಹಾಕುತ್ತಿದ್ದಾರೆ. ಅವರನ್ನು ಹಿಡಿಯಲು ಹೋಗಿ ಹಿಡಿಯಲಾಗದೆ ಉಪಾಧ್ಯಾಯನು ಕೊನೆಯ ಗೆರೆಯನ್ನು ದಾಟುತ್ತಾನೆ. ಕೊರಳಿಗೊಂದು ಪದಕ ಬೀಳುತ್ತದೆ. ಮುಗಿಸಿದವರಿಗೆಲ್ಲ ದೊರೆಯುವ ಪದಕ ಅದು. ಬೆಳ್ಳಿಯದಲ್ಲ, ಬಂಗಾರದ್ದೂ ಅಲ್ಲ. ಆದರೂ ಅದನ್ನು ಅವನು ಮನೆಯವರೆಗೂ ತೆಗೆಯುವುದಿಲ್ಲ.

ಇಂತಹ ಸಾಹಸದಿಂದ ಲಾಭವೇನು ಎಂದು ಕೇಳುವವರುಂಟು. ಪ್ರಶ್ನೆ ಅನ್ಯಾಯದ್ದಲ್ಲ, ಅಪಾಯವೂ ಸುಳ್ಳಲ್ಲ. ಅಮೆರಿಕದಲ್ಲಿ 1985ರಿಂದ 2016ರವರೆಗೆ ಈ ಪಂದ್ಯಗಳಲ್ಲಿ ಸಂಭವಿಸಿದ ಸಾವುಗಳನ್ನೂ ಹೃದಯಸ್ತಂಭನಗಳನ್ನೂ ವೈದ್ಯರು ಪರಿಶೀಲಿಸಿದಾಗ ದೊರೆತ ಪ್ರಕರಣಗಳು 135. ಅವುಗಳಲ್ಲಿ 90 ಈಜಿನ ಭಾಗದಲ್ಲಿಯೇ ನಡೆದಿದ್ದುವು. ಲಕ್ಷಾಂತರ ಜನ ಭಾಗವಹಿಸಿದ ಮೂರು ದಶಕಗಳ ಲೆಕ್ಕದಲ್ಲಿ ಇದು ಸಣ್ಣ ಸಂಖ್ಯೆಯೇ. ಆದರೂ ಅದು ಹೇಳುವ ಪಾಠ ಸ್ಪಷ್ಟವಾಗಿದೆ. ನಲವತ್ತು ಕಳೆದವನು ಮೊದಲು ವೈದ್ಯನಿಗೆ ಎದೆ ತೋರಿಸಬೇಕು. ತೆರೆದ ನೀರಿನಲ್ಲಿ ಒಂಟಿಯಾಗಿ ಎಂದೂ ಅಭ್ಯಾಸ ಮಾಡಬಾರದು. ಹರಿಯುವ ಕಾಲುವೆಯನ್ನು ಈಜುಕೊಳವೆಂದು ಭ್ರಮಿಸಬಾರದು. ಕಾಲುವೆಯ ಇಳಿಜಾರು ಗೋಡೆಗೆ ಪಾಚಿ ಹಿಡಿದಿದ್ದರೆ ನುರಿತ ಈಜುಗಾರನಿಗೂ ಮೇಲಕ್ಕೆ ಹತ್ತುವುದು ದುಸ್ತರ.

ಲಾಭದ ಮಾತಿಗೆ ಉತ್ತರವನ್ನು ಪದಕದಾಚೆ ಹುಡುಕಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ತೀರಿಕೊಂಡರು. ಅವರಲ್ಲಿ ಮಕ್ಕಳ ಪಾಲು ದೊಡ್ಡದು. ಶಾಲೆಗೆ ಹೋಗುವ ಮಕ್ಕಳಿಗೆಲ್ಲ ಈಜಿನ ಮೂಲಪಾಠವನ್ನೂ ನೀರಿನ ಎಚ್ಚರಿಕೆಯನ್ನೂ ಕಲಿಸಬೇಕೆಂಬುದು ಆ ಸಂಸ್ಥೆಯ ಸಲಹೆ. ಎರೆಭೂಮಿಯಲ್ಲಿ ಈಗ ಬಾವಿಗಳ ಜಾಗಕ್ಕೆ ಕೃಷಿಹೊಂಡಗಳು ಬಂದಿವೆ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯ ಮೂಲಕ ಒಣಭೂಮಿಯ ಹೊಲಗಳಲ್ಲಿ ಅವು ಹೆಚ್ಚಿದುವು. ಬರದ ನಾಡಿಗೆ ಅವು ವರದಾನ. ಆದರೆ ಬಾವಿಗಿದ್ದ ಮೆಟ್ಟಿಲು ಅವಕ್ಕಿಲ್ಲ. ಹಾಳೆ ಹಾಸಿದ ಹೊಂಡದ ಅಂಚು ಜಾರುತ್ತದೆ; ಬೇಲಿಯಿಲ್ಲದ ಕಡೆ ಆಡುವ ಮಗು ಅದರೊಳಗೆ ಬಿದ್ದರೆ, ಎತ್ತಲು ಧಾವಿಸಿದ ದೊಡ್ಡವರಿಗೂ ಈಜು ಬಾರದೆ ಒಂದು ಸಾವು ಎರಡಾಗುವುದುಂಟು. ನೀರು ಹತ್ತಿರಕ್ಕೆ ಬಂದಿದೆ. ನೀರಿನ ವಿದ್ಯೆ ದೂರ ಸರಿದಿದೆ.

ಹೀಗಿರುವಲ್ಲಿ, ಪಂದ್ಯದ ಹುಚ್ಚಿನಿಂದಲೇ ಆಗಲಿ, ಊರಿಗೊಬ್ಬ ಉಪಾಧ್ಯಾಯನು ನಲವತ್ತರ ವಯಸ್ಸಿನಲ್ಲಿ ಈಜು ಕಲಿತನೆಂದರೆ ಅದು ಅವನೊಬ್ಬನ ಗೆಲುವಾಗಿ ಉಳಿಯಬೇಕಾಗಿಲ್ಲ. ಭಯವನ್ನು ದಾಟಿ ಬಂದವನಿಗೆ ಭಯಪಡುವವರ ಕಷ್ಟ ತಿಳಿಯುತ್ತದೆ. ಹುಟ್ಟು ಈಜುಗಾರನಿಗಿಂತ ಅವನೇ ಒಳ್ಳೆಯ ಗುರುವಾದಾನು. ಉಸಿರನ್ನು ಬಿಗಿಹಿಡಿಯಬೇಡ, ಮೈಯನ್ನು ಸಡಿಲಬಿಡು, ದಣಿದರೆ ಅಂಗಾತ ತೇಲು ಎಂಬ ಮೂರು ಮಾತುಗಳನ್ನು ಕಾವಲಿರುವ ಕೊಳದಲ್ಲಿ ಅವನು ತನ್ನ ತರಗತಿಯ ಮಕ್ಕಳಿಗೆ ಮಾಡಿಸಿ ತೋರಿಸಿದರೆ, ಹಿರಿಯರು ಸೋರೆಬುರುಡೆ ಕಟ್ಟಿ ಕೊಡುತ್ತಿದ್ದ ವಿದ್ಯೆ ಮತ್ತೆ ಊರಿಗೆ ಬಂದಂತಾಗುತ್ತದೆ.

ಮಿಷನ್ ಬೇಯಲ್ಲಿ ಅಂದು ಮೊದಲು ಬಂದವನ ಹೆಸರು ದಾಖಲೆಯಲ್ಲಿದೆ. ಕತ್ತಲೆಯಲ್ಲಿ ಕೊನೆಗೆ ದಡ ಸೇರಿದವರನ್ನು ಲೋಕ ಮರೆತಿದೆ. ಆದರೂ ಈ ಆಟವನ್ನು ಜಗತ್ತಿನಾದ್ಯಂತ ಉಳಿಸಿಕೊಂಡು ಬಂದವರು ಅಂತಹವರೇ: ಬಾರದ ವಿದ್ಯೆಗೆ ಅಂಜದೆ ಇಳಿದವರು, ಮತ್ತು ಅವರಿಗಾಗಿ ದಡದಲ್ಲಿ ದೀಪ ತಿರುಗಿಸಿ ಕಾದವರು. ಎರೆಭೂಮಿಯಲ್ಲಿ ಇಳಿಯುವವರಿಗೆ ಕೊರತೆಯಿಲ್ಲ. ದಡದಲ್ಲಿ ನಿಂತು ಕಾಯುವ ಹೊಣೆ ಊರಿನ ಹಿರಿಯರದು, ಶಾಲೆಗಳದು.